ಹಾಸಿಗೆಯ ಪಕ್ಕದವರ ಚರಿತ್ರೆ

ಕನ್ನಡದಲ್ಲಿ ರೋಗಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಶುಶ್ರೂಷೆ ಎನ್ನುತ್ತೇವೆ. ಸಂಸ್ಕೃತದಿಂದ ಬಂದ ಈ ಪದದ ಬೇರು ‘ಶ್ರು’, ಅಂದರೆ ಕೇಳು. ಶುಶ್ರೂಷೆ ಎಂದರೆ ಅಕ್ಷರಶಃ ಕೇಳಬೇಕೆಂಬ ಆಸೆ. ಗುರುವಿನ ಮಾತಿಗೆ ಕಿವಿಗೊಟ್ಟು ಕಾದಿರುವ ಶಿಷ್ಯನ ಸೇವೆಗೂ ರೋಗಿಯ ಸೇವೆಗೂ ಅದೇ ಹೆಸರು. ಉರ್ದುವಿನಲ್ಲಿ ಇದೇ ಕೆಲಸಕ್ಕೆ ತೀಮಾರ್‌ದಾರಿ ಎನ್ನುತ್ತಾರೆ. ಫಾರಸಿಯ ತೀಮಾರ್‌ಗೆ ಕಾಳಜಿ ಎಂಬ ಅರ್ಥವೂ ಇದೆ, ದುಃಖ ಎಂಬ ಅರ್ಥವೂ ಇದೆ. ಹಾಗಾಗಿ ತೀಮಾರ್‌ದಾರ್ ಎಂದರೆ ಇನ್ನೊಬ್ಬರ ದುಃಖವನ್ನು ಹೊತ್ತುಕೊಂಡವರು. ರೋಗಿಯನ್ನು ಕಾಣಲು ಹೋಗುವುದಕ್ಕೆ ಅಯಾದತ್ ಎಂಬ ಪದವಿದೆ. ಅದರ ಅರಬಿ ಬೇರಿನಲ್ಲಿ ‘ಮತ್ತೆ ಮರಳುವುದು’ ಎಂಬ ಅರ್ಥ ಅಡಗಿದೆ. ಒಮ್ಮೆ ಮುಖ ತೋರಿಸಿ ಬಂದರೆ ಸಾಲದು, ಮತ್ತೆ ಹೋಗಬೇಕು. ಇಂಗ್ಲಿಷಿನ ನರ್ಸ್ ಎಂಬ ಪದ ಲ್ಯಾಟಿನ್ನಿನಲ್ಲಿ ಉಣಿಸಿ ಸಾಕುವ ಕೆಲಸದಿಂದ ಹುಟ್ಟಿದ್ದು.

ಕೇಳುವುದು, ದುಃಖ ಹೊರುವುದು, ಮತ್ತೆ ಮರಳುವುದು, ಉಣಿಸುವುದು. ಈ ನಾಲ್ಕು ಪದಗಳಲ್ಲಿ ಒಂದರಲ್ಲೂ ಔಷಧಿಯ ಮಾತಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ಕಲಬುರಗಿ ಕಡೆಯ ಮುಸ್ಲಿಂ ಮಕ್ಕಳಿಗೆ ಇನ್ನೊಂದು ಪದದ ತಮಾಷೆಯೂ ಗೊತ್ತು. ಕನ್ನಡ ಪುಸ್ತಕದಲ್ಲಿ ದಾದಿ ಎಂದರೆ ನರ್ಸು, ಮನೆಯಲ್ಲಿ ದಾದಿ ಎಂದರೆ ಅಪ್ಪನ ತಾಯಿ. ಜ್ವರ ಬಂದ ರಾತ್ರಿ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟು ಎಚ್ಚರ ಕೂತಿರುತ್ತಿದ್ದವರು ಅಪ್ಪನ ತಾಯಿಯೇ ಆದ್ದರಿಂದ ಮಕ್ಕಳಿಗೆ ಇದರಲ್ಲಿ ಗೊಂದಲವೇನೂ ಆಗುತ್ತಿರಲಿಲ್ಲ.

ಆದರೆ ಚರಿತ್ರೆಯ ಪುಸ್ತಕಗಳಲ್ಲಿ ಈ ದಾದಿಯರಿಗೆ ಜಾಗವಿಲ್ಲ. ಆಸ್ಪತ್ರೆ ಕಟ್ಟಿಸಿದ ಸುಲ್ತಾನನ ಹೆಸರಿದೆ, ಗ್ರಂಥ ಬರೆದ ವೈದ್ಯನ ಹೆಸರಿದೆ, ಜಹಗೀರು ಬಿಟ್ಟ ಊರುಗಳ ಲೆಕ್ಕವಿದೆ. ಹಾಸಿಗೆಯ ಪಕ್ಕದಲ್ಲಿ ಕೂತವರು ಯಾರು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಆರೈಕೆಯನ್ನು ನಾವು ಬಾಯಿ ತುಂಬ ಹೊಗಳುತ್ತೇವೆ, ಆರೈಕೆ ಮಾಡುವವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಲೇಖನ ಆ ವೈರುಧ್ಯದ ಕುರಿತು.

ಕಟ್ಟಿಸಿದವರು ಮತ್ತು ನಡೆಸಿದವರು

ಬಹಮನಿ ಅರಸರು 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು. ಹದಿನೈದನೆಯ ಶತಮಾನದಲ್ಲಿ ರಾಜಧಾನಿ ಬೀದರಿಗೆ ಹೋಯಿತು. 1436ರಿಂದ 1458ರವರೆಗೆ ಆಳಿದ ಎರಡನೆಯ ಅಲಾವುದ್ದೀನ್ ಅಹಮದ್ ಷಾ ಬೀದರಿನಲ್ಲಿ ಒಂದು ದಾರುಲ್ ಶಿಫಾ, ಅಂದರೆ ಆಸ್ಪತ್ರೆ ಕಟ್ಟಿಸಿದ. ಅದರ ಖರ್ಚಿಗೆ ಹಳ್ಳಿಗಳ ಉತ್ಪನ್ನವನ್ನು ಬಿಟ್ಟುಕೊಟ್ಟ. ಅಲ್ಲಿ ಹಿಂದೂ ವೈದ್ಯರೂ ಮುಸ್ಲಿಂ ಹಕೀಮರೂ ಇದ್ದರೆಂದು ವಿಜಾಪುರದ ಆಸ್ಥಾನದಲ್ಲಿ ಕೂತು ಚರಿತ್ರೆ ಬರೆದ ಫಿರಿಶ್ತಾ ಹೇಳುತ್ತಾನೆ. ದಖ್ಖನಿನ ಕೂಡುಬಾಳಿನ ಬಗ್ಗೆ ಮಾತನಾಡುವಾಗ ನಾವು ಹೆಮ್ಮೆಯಿಂದ ನೆನೆಯುವ ಸಂಗತಿ ಇದು, ನೆನೆಯಲೇಬೇಕಾದದ್ದು. ಆದರೆ ಆ ಆಸ್ಪತ್ರೆಯಲ್ಲಿ ರೋಗಿಯ ಮೈ ಒರೆಸಿದವರು, ಮಲಮೂತ್ರದ ಪಾತ್ರೆ ಎತ್ತಿದವರು, ಗಂಜಿ ಕುಡಿಸಿದವರು ಆ ಬರಹದಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಹಳೆಯ ಕಾಲದವರು ಆರೈಕೆಯ ಬೆಲೆ ಅರಿಯದವರಾಗಿದ್ದರು ಎಂದಲ್ಲ. ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಕಾಲುಗಳಿವೆ ಎನ್ನುತ್ತದೆ: ವೈದ್ಯ, ಔಷಧಿ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರಬೇಕಾದ ಗುಣಗಳನ್ನೂ ನಾಲ್ಕೆಂದು ಹೇಳುತ್ತದೆ: ಉಪಚಾರದ ತಿಳಿವಳಿಕೆ, ಕೈಚಳಕ, ರೋಗಿಯ ಮೇಲೆ ಪ್ರೀತಿ, ಶುಚಿತ್ವ. ತಿಳಿವಳಿಕೆಯೂ ಪ್ರೀತಿಯೂ ಒಂದೇ ಪಟ್ಟಿಯಲ್ಲಿವೆ. ಒಂದಿದ್ದರೆ ಇನ್ನೊಂದು ಬೇಡ ಎಂದು ಚರಕ ಹೇಳುವುದಿಲ್ಲ.

ಮದೀನಾದ ಮೊದಲ ದಿನಗಳ ಚರಿತ್ರೆಯಲ್ಲಿ ಅದೃಷ್ಟವಶಾತ್ ಕೆಲವು ಹೆಸರುಗಳು ಉಳಿದಿವೆ. 627ರ ಕಂದಕ ಯುದ್ಧದಲ್ಲಿ ಸಅದ್ ಬಿನ್ ಮುಆಝ್ ಅವರಿಗೆ ಬಾಣದ ಗಾಯವಾದಾಗ, ಅವರನ್ನು ಆರೈಕೆಗಾಗಿ ಮಸೀದಿಯಲ್ಲಿದ್ದ ರುಫೈದಾ ಅಲ್ ಅಸ್ಲಮಿಯ್ಯಾ ಎಂಬ ಮಹಿಳೆಯ ಗುಡಾರಕ್ಕೆ ಸೇರಿಸಲಾಯಿತು. ಉಮ್ಮು ಅತಿಯ್ಯಾ ಎಂಬವರು ಏಳು ಯುದ್ಧಗಳಿಗೆ ಹೋಗಿ ಅಡುಗೆ ಮಾಡಿ, ಗಾಯಾಳುಗಳನ್ನೂ ರೋಗಿಗಳನ್ನೂ ನೋಡಿಕೊಂಡರು. ಗಾಯಾಳುವಿನ ಹಾಸಿಗೆ ಮಸೀದಿಯ ಆವರಣದಲ್ಲೇ ಇತ್ತು, ಅದರ ಹೊಣೆ ಒಬ್ಬ ಹೆಣ್ಣುಮಗಳದಾಗಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಶತಮಾನಗಳ ನಂತರ ಅದೇ ಪರಂಪರೆಗೆ ಸೇರಿದ ಮನೆಗಳು ಮಗಳನ್ನು ನರ್ಸಿಂಗಿಗೆ ಕಳಿಸುವುದು ಮರ್ಯಾದೆಗೆ ಕಡಿಮೆ ಎಂದುಕೊಂಡವು.

ಕೈರೋದಲ್ಲಿ 1284ರಲ್ಲಿ ಆರಂಭವಾದ ಸುಲ್ತಾನ್ ಕಲಾವೂನನ ಆಸ್ಪತ್ರೆಯ ವಕ್ಫ್ ಪತ್ರದಲ್ಲಿ ರೋಗಿಗಳ ಸೇವೆಗೆ ಗಂಡಸರನ್ನೂ ಹೆಂಗಸರನ್ನೂ ನೇಮಿಸಬೇಕೆಂಬ ಮಾತಿದೆ. ಅಷ್ಟರಮಟ್ಟಿಗೆ ಅವರು ಕಾಗದಕ್ಕೆ ಬಂದರು.

ದೀಪವಷ್ಟೇ ಅಲ್ಲ, ಚರಂಡಿಯೂ

ಆಧುನಿಕ ನರ್ಸಿಂಗಿನ ಕತೆ ಫ್ಲಾರೆನ್ಸ್ ನೈಟಿಂಗೇಲ್ ಅವರಿಂದ ಶುರುವಾಗುತ್ತದೆ. ಶಾಲೆಯ ಪಾಠದಲ್ಲಿ ನಮಗೆಲ್ಲ ಸಿಕ್ಕಿದ್ದು ಕೈಯಲ್ಲಿ ದೀಪ ಹಿಡಿದ ಕರುಣಾಮಯಿ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳಲು ಇಸ್ತಾಂಬುಲ್ ಬಳಿಯ ಸ್ಕುತಾರಿಗೆ ಅವರು ಹೋದದ್ದು ನಿಜ, ರಾತ್ರಿ ದೀಪ ಹಿಡಿದು ಸುತ್ತಿದ್ದೂ ನಿಜ. ಆದರೆ ಅಲ್ಲಿ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ಕಾಲರಾ, ಭೇದಿ, ಟೈಫಸ್‌ನಂಥ ರೋಗಗಳಿಂದ ಸತ್ತರು. 1855ರಲ್ಲಿ ನೈರ್ಮಲ್ಯ ಆಯೋಗದವರು ಬಂದು ಚರಂಡಿ, ನೀರು, ಗಾಳಿಯ ವ್ಯವಸ್ಥೆ ಸರಿಮಾಡಿದ ಮೇಲೆ ಸಾವು ಇಳಿಯಿತು. ಊರಿಗೆ ಮರಳಿದ ನೈಟಿಂಗೇಲ್ ಈ ಲೆಕ್ಕವನ್ನೇ ಹಿಡಿದು ಕೂತರು. 1858ರಲ್ಲಿ ಸಾವಿನ ಅಂಕಿಅಂಶಗಳನ್ನು ಬಣ್ಣದ ನಕ್ಷೆ ಮಾಡಿ ಸರಕಾರದ ಮುಂದಿಟ್ಟರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆದರು. ಭಾರತಕ್ಕೆ ಒಮ್ಮೆಯೂ ಬರದೆ ಇಲ್ಲಿನ ದಂಡಿನ ನೈರ್ಮಲ್ಯ, ಬರಗಾಲ, ನೀರಾವರಿಯ ಬಗ್ಗೆ ದಶಕಗಟ್ಟಲೆ ಬರೆದರು.

ನಾವು ದೀಪವನ್ನು ಉಳಿಸಿಕೊಂಡೆವು, ಲೆಕ್ಕದ ಪುಸ್ತಕವನ್ನು ಮರೆತೆವು. ಕರುಣೆಯ ಚಿತ್ರ ನಮಗೆ ಹಿತವಾಗಿತ್ತು. ಹಾಸಿಗೆ ಎಷ್ಟು, ಕೈಗಳು ಎಷ್ಟು, ನೀರು ಎಲ್ಲಿಂದ ಎಂಬ ಪ್ರಶ್ನೆಗಳು ಇರುಸುಮುರುಸು ತರುವಂಥವು.

ಭಾರತದಲ್ಲಿ ತರಬೇತಿ ಪಡೆದ ನರ್ಸುಗಳ ಸಂಘ ಕಟ್ಟಿಕೊಂಡದ್ದು 1908ರಲ್ಲಿ. ಆಗಿನ ದಾದಿಯರಲ್ಲಿ ಬಹುಪಾಲು ಕ್ರೈಸ್ತರು, ಆಂಗ್ಲೋ ಇಂಡಿಯನ್ನರು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸನ್ಯಾಸಿನಿಯರು 1886ರಲ್ಲಿ ಸೇಂಟ್ ಮಾರ್ತಾಸ್ ಆಸ್ಪತ್ರೆ ತೆರೆದರು. ನಮ್ಮ ಕಲಬುರಗಿ ಆಗ ನಿಜಾಮರ ಸಂಸ್ಥಾನದ ಒಂದು ಸುಬೆಯ ಕೇಂದ್ರ. ದೊಡ್ಡ ಕಾಯಿಲೆಗೆ ಹೈದರಾಬಾದೇ ಗತಿ. ಮೂಸಿ ನದಿಯ 1908ರ ಪ್ರವಾಹದಲ್ಲಿ ಅಲ್ಲಿನ ಹಳೆಯ ಆಸ್ಪತ್ರೆ ಕೊಚ್ಚಿಹೋದ ಮೇಲೆ ಉಸ್ಮಾನಿಯಾ ಆಸ್ಪತ್ರೆ ಎದ್ದಿತು. ಕಲಬುರಗಿಯವರ ಮಾತಿನಲ್ಲಿ ಹೈದರಾಬಾದಿಗೆ ಒಯ್ದರು ಎಂಬುದು ಕಾಯಿಲೆ ಕೈಮೀರಿದ್ದರ ಸೂಚನೆಯಾಗಿ ಬಹುಕಾಲ ಉಳಿಯಿತು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿ ದೇಶದ ಆರೋಗ್ಯದ ಲೆಕ್ಕ ತೆಗೆಯಿತು. 6,300 ಜನರಿಗೆ ಒಬ್ಬ ವೈದ್ಯರಿದ್ದರೆ, 43,000 ಜನರಿಗೆ ಒಬ್ಬ ನರ್ಸ್. ಬೇರೆ ದೇಶಗಳಲ್ಲಿ ವೈದ್ಯರಿಗಿಂತ ದಾದಿಯರು ಹೆಚ್ಚಿರುತ್ತಾರೆ. ನಮ್ಮಲ್ಲಿ ಪಿರಮಿಡ್ಡು ತಲೆಕೆಳಗಾಗಿ ನಿಂತಿತ್ತು. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು.

ಮುಟ್ಟುವವರು ಯಾರು?

ಪಿರಮಿಡ್ಡು ತಲೆಕೆಳಗಾದದ್ದು ಹಣದ ಕೊರತೆಯಿಂದ ಮಾತ್ರವಲ್ಲ. ದಾದಿ ಎಂದರೆ ಪರರ ಮೈ ಮುಟ್ಟುವವಳು. ರಕ್ತ, ಕೀವು, ಮಲ, ಬಾಣಂತಿಯ ಬಟ್ಟೆ, ಶವ. ಜಾತಿ ವ್ಯವಸ್ಥೆ ಮೈಲಿಗೆ ಎಂದು ಬರೆದಿಟ್ಟ ಎಲ್ಲವೂ ಆಕೆಯ ದಿನದ ಕೆಲಸ. ಊರಿನ ಸೂಲಗಿತ್ತಿಯರು ಹೆಚ್ಚಿನ ಕಡೆ ಕೆಳಜಾತಿಗಳಿಂದ ಬಂದವರಾಗಿದ್ದರು. ಮಗುವನ್ನು ಭೂಮಿಗೆ ತಂದ ಕೈಗೆ ಆ ಮನೆಯ ಅಡುಗೆಮನೆಯೊಳಗೆ ಪ್ರವೇಶವಿರಲಿಲ್ಲ. ಹೆರಿಗೆ ಮಾಡಿಸಿ, ಹೊಕ್ಕುಳಬಳ್ಳಿ ಕೊಯ್ದು, ಒಂದು ಸೀರೆ, ಒಂದಿಷ್ಟು ಜೋಳ ಪಡೆದು ಆಕೆ ಹಿತ್ತಲ ಬಾಗಿಲಿಂದ ಹೋಗುತ್ತಿದ್ದಳು.

ಮುಸ್ಲಿಂ ಸಮಾಜ ತನ್ನಲ್ಲಿ ಮೈಲಿಗೆ ಇಲ್ಲವೆಂದು ಹೇಳಿಕೊಳ್ಳುತ್ತದೆ. ಆದರೆ ಷರೀಫ್ ಮನೆತನ ಎಂಬ ಹಮ್ಮಿಗೆ ಬೇರೆಯದೇ ಬೇಲಿಗಳಿದ್ದವು. ರಾತ್ರಿ ಪಾಳಿ, ಪರಪುರುಷರ ವಾರ್ಡು, ಊರು ಬಿಟ್ಟು ಹಾಸ್ಟೆಲ್ಲು. ನರ್ಸ್ ಆದರೆ ನಿಕಾಹ್ ಆಗುವುದು ಕಷ್ಟ ಎಂಬ ಮಾತು ನಮ್ಮ ಮೊಹಲ್ಲಾಗಳಲ್ಲಿ ಬಹಳ ಕಾಲ ಓಡಾಡಿತು. ವಿಚಿತ್ರವೆಂದರೆ ಅದೇ ಮನೆಯವರು ಹೆಂಗಸರ ವಾರ್ಡಿನಲ್ಲಿ ಹೆಣ್ಣು ನರ್ಸೇ ಬೇಕೆಂದು ಪಟ್ಟು ಹಿಡಿಯುತ್ತಿದ್ದರು. ಯಾರದೋ ಮಗಳು ಆ ಕೆಲಸಕ್ಕೆ ಬರಬೇಕು, ನಮ್ಮ ಮಗಳು ಮಾತ್ರ ಬೇಡ!

2018ರಲ್ಲಿ ತುಮಕೂರು ಜಿಲ್ಲೆಯ ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಾಗ ಕರ್ನಾಟಕ ಸಂಭ್ರಮಿಸಿತು. ಅಲೆಮಾರಿ ಮೂಲದ, ಶಾಲೆಯ ಮುಖ ನೋಡದ ಆ ಅಜ್ಜಿ ಸಾವಿರಾರು ಹೆರಿಗೆ ಮಾಡಿಸಿದ್ದರು, ಅದೂ ಹಣ ತೆಗೆದುಕೊಳ್ಳದೆ. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರಂಥ ಎಷ್ಟು ಮಂದಿ ಹೆಸರಿಲ್ಲದೆ ಹೋದರೋ.

ಹತ್ತನೇ ಹಾಸಿಗೆಯ ಲಿವರ್

ಆಸ್ಪತ್ರೆಗೆ ಹೋಗಿ ಬಂದವರೆಲ್ಲ ಹೇಳುವ ಒಂದು ದೂರು ಇದೆ: ನರ್ಸುಗಳು ಸಿಡುಕುತ್ತಾರೆ, ಮುಖ ಕೊಟ್ಟು ಮಾತಾಡುವುದಿಲ್ಲ. ದೂರು ಸುಳ್ಳಲ್ಲ. ಆದರೆ ಇದರ ಕಾರಣವನ್ನು ಇಸಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹುಡುಕಿ 1960ರ ಸುಮಾರಿಗೆ ಪ್ರಕಟಿಸಿದರು. ಅಲ್ಲಿ ರೋಗಿಯನ್ನು ಹೆಸರಿನಿಂದ ಕರೆಯದೆ ‘ಹತ್ತನೇ ಹಾಸಿಗೆಯ ಲಿವರ್’ ಎಂಬಂತೆ ಹೇಳುವ ರೂಢಿಯಿತ್ತು. ಒಬ್ಬ ದಾದಿ ಎಲ್ಲರ ಜ್ವರ ನೋಡುವುದು, ಇನ್ನೊಬ್ಬಳು ಎಲ್ಲರಿಗೂ ಮಾತ್ರೆ ಕೊಡುವುದು, ಯಾರೂ ಒಬ್ಬ ರೋಗಿಯೊಂದಿಗೆ ಹೆಚ್ಚು ಹೊತ್ತು ಇರದಂತೆ ಕೆಲಸ ಹಂಚಿಕೆಯಾಗಿತ್ತು. ದಿನವೂ ನೋವು, ಸಾವು ನೋಡುವವರು ಒಡೆದುಹೋಗದಂತೆ ಆಸ್ಪತ್ರೆಯೇ ಕಟ್ಟಿಕೊಂಡ ಗೋಡೆ ಅದು ಎಂದು ಮೆಂಜೀಸ್ ಹೇಳಿದರು. ಆದರೆ ಆ ಗೋಡೆ ಯಾರನ್ನೂ ಕಾಪಾಡಲಿಲ್ಲ. ರೋಗಿ ಒಂಟಿಯಾದ, ದಾದಿಗೂ ತನ್ನ ಕೆಲಸದ ತೃಪ್ತಿ ಸಿಗಲಿಲ್ಲ. ಕಲಿಯಲು ಬಂದವರಲ್ಲಿ ಅನೇಕರು ಬಿಟ್ಟುಹೋದರು.

ಈ ಗೋಡೆಯನ್ನು ಒಡೆಯುವ ಪ್ರಯತ್ನವಾಗಿ 1970ರ ದಶಕದಲ್ಲಿ ಅಮೆರಿಕದ ದಾದಿಯರೇ ಒಂದು ತತ್ವವನ್ನು ಕಟ್ಟಿದರು. ಜೋಸೆಫಿನ್ ಪ್ಯಾಟರ್ಸನ್ ಮತ್ತು ಲೊರೆಟಾ ಜ್ಡೆರಾಡ್ 1976ರಲ್ಲಿ ಮಾನವೀಯ ನರ್ಸಿಂಗ್ ಕುರಿತು ಪುಸ್ತಕ ಬರೆದರು. ನರ್ಸಿಂಗ್ ಎಂದರೆ ಒಬ್ಬರು ಇನ್ನೊಬ್ಬರ ಮೇಲೆ ಮಾಡುವ ಕ್ರಿಯೆಯಲ್ಲ, ಇಬ್ಬರ ನಡುವೆ ನಡೆಯುವ ಸಂವಾದ. ರೋಗಿಯ ಕರೆ, ದಾದಿಯ ಓಗೊಡುವಿಕೆ ಎಂದರು. ಯಹೂದಿ ದಾರ್ಶನಿಕ ಮಾರ್ಟಿನ್ ಬೂಬರನ ‘ನಾನು-ನೀನು’ ವಿಚಾರದ ನೆರಳು ಅವರ ಮೇಲಿತ್ತು. 1979ರಲ್ಲಿ ಜೀನ್ ವಾಟ್ಸನ್ ‘ಕ್ಯೂರ್’ ಮತ್ತು ‘ಕೇರ್’, ಅಂದರೆ ವಾಸಿ ಮಾಡುವುದು ಮತ್ತು ಆರೈಕೆ ಮಾಡುವುದನ್ನು ಬೇರ್ಪಡಿಸಿ, ಆರೈಕೆಯ ಹತ್ತು ಅಂಶಗಳನ್ನು ಪಟ್ಟಿ ಮಾಡಿದರು. ಭರವಸೆ ಮೂಡಿಸುವುದು, ನಂಬಿಕೆಯ ಸಂಬಂಧ ಬೆಳೆಸುವುದು, ರೋಗಿಯ ಸಿಟ್ಟು-ಅಳುವನ್ನೂ ಕೇಳಿಸಿಕೊಳ್ಳುವುದು, ಕಲಿಸುತ್ತ ಕಲಿಯುವುದು, ಮೈಯ ಅಗತ್ಯಗಳನ್ನು ಮರ್ಯಾದೆಯಿಂದ ಪೂರೈಸುವುದು ಅದರಲ್ಲಿ ಸೇರಿವೆ. ವಾಸಿಯಾಗದ ರೋಗ ಇರಬಹುದು, ಆದರೆ ಆರೈಕೆ ಮಾಡಲಾಗದ ರೋಗಿ ಇಲ್ಲ ಎಂಬುದು ಈ ವಿಚಾರದ ತಿರುಳು.

ಇದು ನಮ್ಮಲ್ಲಿ ಮೊದಲೇ ಇತ್ತು ಎಂದು ಬೀಗುವುದು ಸುಲಭ. ಪದಗಳಲ್ಲಿ ಇತ್ತು ನಿಜ. ವಾರ್ಡಿನಲ್ಲಿ ಇದೆಯೇ?

ಕತೆ ಬರೆಯುವವರ ಚಾಳಿಯಂತೆ ಒಂದು ಸನ್ನಿವೇಶ ಕಲ್ಪಿಸಿಕೊಳ್ಳುತ್ತೇನೆ. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಕೆಂಪು ಬಾಳೆಗೆ ಹೆಸರಾದ ಕಮಲಾಪುರವಿದೆ. ಸುತ್ತಲೂ ಹಳ್ಳಿಗಳು, ಲಂಬಾಣಿ ತಾಂಡಾಗಳು. ಆ ಕಡೆಯ ಒಬ್ಬ ಮುದುಕಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುತ್ತಿಲ್ಲ. ಕಲಬುರಗಿಯ ಯಾವುದೋ ಆಸ್ಪತ್ರೆಯ ವಾರ್ಡಿಗೆ ಸೇರಿಸಿ ಮಗ ಬಾಳೆಹಣ್ಣು, ರೊಟ್ಟಿ ಗಂಟು ತಲೆದೆಸೆಯಲ್ಲಿಟ್ಟು ಕೂಲಿಗೆ ಹೋಗಿದ್ದಾನೆ. ಮುದುಕಿ ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ, ನೀರೂ ಕುಡಿಯುತ್ತಿಲ್ಲ. ಹಗಲಿನ ಪಾಳಿಯವರು ಕಡತದಲ್ಲಿ ‘ಊಟ ನಿರಾಕರಿಸುತ್ತಿದ್ದಾರೆ’ ಎಂದು ಬರೆದು ಮುಂದೆ ಹೋಗಿದ್ದಾರೆ. ನಲವತ್ತು ಹಾಸಿಗೆ ಇರುವಾಗ ಅವರಿಗೆ ಅದಕ್ಕಿಂತ ಹೆಚ್ಚು ಪುರಸೊತ್ತಿಲ್ಲ.

ರಾತ್ರಿ ಪಾಳಿಯ ಹುಡುಗಿ ಹಾಸಿಗೆಯ ಅಂಚಿನಲ್ಲಿ ಐದು ನಿಮಿಷ ಕೂರುತ್ತಾಳೆ. ಕನ್ನಡದ ಹುಡುಗಿ, ಹರಕು ದಖನಿಯಲ್ಲಿ ಕೇಳುತ್ತಾಳೆ: ‘ಕಾಯ್ಕು ನೈ ಖಾರೇ ಅಮ್ಮಾ?’ ಮುದುಕಿ ಮೊದಲು ಮುಖ ತಿರುಗಿಸುತ್ತಾಳೆ. ಆಮೇಲೆ ಪಿಸುಮಾತಿನಲ್ಲಿ ಹೇಳುತ್ತಾಳೆ. ಪಾಯಖಾನೆ ವಾರ್ಡಿನ ಆ ತುದಿಗಿದೆ. ಈ ಕಾಲಿನಲ್ಲಿ ನಡೆಯಲಾಗದು. ಪಾತ್ರೆ ಕೊಡಿ ಎಂದು ಕೇಳಲು ನಾಚಿಕೆ, ಪಕ್ಕದ ಹಾಸಿಗೆಯವರ ಮನೆಯ ಗಂಡಸರು ಅಲ್ಲೇ ಕೂತಿರುತ್ತಾರೆ. ಉಣ್ಣದಿದ್ದರೆ ಹೋಗುವ ತೊಂದರೆಯೇ ಇಲ್ಲವಲ್ಲ!

ಹುಡುಗಿ ಒಂದು ಪರದೆ ಎಳೆಯುತ್ತಾಳೆ, ಬೆಡ್‌ಪ್ಯಾನ್ ತರುತ್ತಾಳೆ, ಬೆಳಗಿನವರಿಗೂ ಬರೆದಿಡುತ್ತಾಳೆ. ಇದನ್ನು ಬರಿಯ ಒಳ್ಳೆಯತನ ಎಂದು ತಿಳಿದರೆ ತಪ್ಪಾಗುತ್ತದೆ. ಇನ್ಸುಲಿನ್ ಹಾಕಿಸಿಕೊಂಡು ಊಟ ಬಿಟ್ಟವರ ರಕ್ತದಲ್ಲಿ ಸಕ್ಕರೆ ಏಕಾಏಕಿ ಕುಸಿದು ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೇ ಬರಬಹುದು. ಆ ಐದು ನಿಮಿಷದ ಮಾತು ಚಿಕಿತ್ಸೆಯೇ ಆಗಿತ್ತು. ಕೇಳುವ ಆಸೆಯಿಂದ ಬಂದ ಶುಶ್ರೂಷೆ ಎಂಬ ಪದಕ್ಕೆ ಇಷ್ಟು ನಿಖರವಾದ ಅರ್ಥವಿದೆ. ಆ ಹುಡುಗಿಗೆ ರೋಗಿಯ ಭಾಷೆ ಬರದೆ ಹೋಗಿದ್ದರೆ, ಅಥವಾ ಐದು ನಿಮಿಷ ಸಿಗದೆ ಹೋಗಿದ್ದರೆ, ಆಕೆಯ ಹೃದಯ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿರಲಿಲ್ಲ.

ಹಳದೀಪುರದ ಅರುಣಾ

ವಾಸಿಯಾಗದ ರೋಗಿಯ ಆರೈಕೆಗೆ ಕನ್ನಡ ನಾಡಿನ ಹೆಣ್ಣುಮಗಳೊಬ್ಬಳ ಬದುಕಿಗಿಂತ ದೊಡ್ಡ ದೃಷ್ಟಾಂತ ಬೇಕಿಲ್ಲ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ನೆಲಮಾಳಿಗೆಯಲ್ಲಿ ಅವರ ಕುತ್ತಿಗೆಗೆ ನಾಯಿಯ ಸರಪಳಿ ಬಿಗಿದು ಅತ್ಯಾಚಾರವೆಸಗಿದ. ಮೆದುಳಿಗೆ ಆಮ್ಲಜನಕ ತಪ್ಪಿ ಅರುಣಾ ಮತ್ತೆ ಎಚ್ಚರಗೊಳ್ಳದ ಸ್ಥಿತಿಗೆ ಹೋದರು. ಆಗ ಅವರಿಗೆ 25 ವರ್ಷ.

ಆಮೇಲಿನ 42 ವರ್ಷ ಅವರನ್ನು ನೋಡಿಕೊಂಡವರು ಕೆಇಎಂನ ದಾದಿಯರು. ಅರುಣಾ ಜೊತೆ ಕೆಲಸ ಮಾಡಿದವರು ನಿವೃತ್ತರಾದರು, ಘಟನೆಯ ಹೊತ್ತಿಗೆ ಹುಟ್ಟಿಯೇ ಇರದ ಹುಡುಗಿಯರು ಕೆಲಸಕ್ಕೆ ಸೇರಿ ಆ ಪಾಳಿಯನ್ನು ವಹಿಸಿಕೊಂಡರು. ನಾಲ್ಕನೇ ವಾರ್ಡಿನ ಪಕ್ಕದ ಕೋಣೆಯಲ್ಲಿ ಮೈ ಒರೆಸಿ, ಮಗ್ಗುಲು ಬದಲಿಸಿ, ನುಣ್ಣಗೆ ಅರೆದ ಅನ್ನ ತಿನ್ನಿಸಿ ಕಾಪಾಡಿದರು. ಹಾಸಿಗೆ ಹಿಡಿದವರಿಗೆ ಕೆಲವೇ ದಿನಗಳಲ್ಲಿ ಬೆನ್ನುಹುಣ್ಣು ಬರುತ್ತದೆ. ದಶಕಗಟ್ಟಲೆ ಮಲಗಿದ್ದ ಅರುಣಾಗೆ ಅದು ಬರದಂತೆ ನೋಡಿಕೊಂಡದ್ದನ್ನು ಸುಪ್ರೀಂ ಕೋರ್ಟೇ ದಾಖಲಿಸಿತು. ಅವರನ್ನು ಆಸ್ಪತ್ರೆಯಿಂದ ಬೇರೆಡೆಗೆ ಸಾಗಿಸುವ ಪ್ರಯತ್ನ ನಡೆದಾಗ ದಾದಿಯರು ಪ್ರತಿಭಟಿಸಿ ತಡೆದರು.

ಪತ್ರಕರ್ತೆ ಪಿಂಕಿ ವಿರಾನಿ, ಅರುಣಾಗೆ ಈ ಯಾತನೆಯಿಂದ ಮುಕ್ತಿ ಕೊಡಿ ಎಂದು ನ್ಯಾಯಾಲಯಕ್ಕೆ ಹೋದರು. ಅವರ ಉದ್ದೇಶವೂ ಕರುಣೆಯೇ. ಗಾಲಿಬನ ಷೇರ್‌ನಿಂದ ಆರಂಭವಾಗುವ 2011ರ ಮಾರ್ಚ್ 7ರ ತೀರ್ಪು, ಅರುಣಾ ಪರವಾಗಿ ನಿರ್ಧರಿಸುವ ಹಕ್ಕು ಅವರನ್ನು ದಿನವೂ ನೋಡಿಕೊಂಡ ಆಸ್ಪತ್ರೆಯವರದು ಎಂದಿತು. ದಯಾಮರಣದ ಚರ್ಚೆಯಲ್ಲಿ ಯಾವ ಕಡೆ ನಿಂತರೂ ಈ ಮಾತಿನ ತೂಕವನ್ನು ಅಲ್ಲಗಳೆಯಲಾಗದು. ರಕ್ತಸಂಬಂಧಕ್ಕಿಂತ ಆರೈಕೆಯ ಸಂಬಂಧ ದೊಡ್ಡದಾಗಬಹುದು ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಈ ಕತೆಯನ್ನು ತ್ಯಾಗದ ಕತೆಯಾಗಿ ಮಾತ್ರ ಹೇಳುವುದು ಅರ್ಧ ಸತ್ಯ. ಅರುಣಾ ಮೇಲೆ ದಾಳಿಯಾದದ್ದು ಕೆಲಸದ ಜಾಗದಲ್ಲಿ. ಘಟನೆಯ ನಂತರ ಮುಂಬೈಯ ದಾದಿಯರು ಮುಷ್ಕರ ಹೂಡಿ ರಕ್ಷಣೆ ಕೇಳಿದರು. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆಯ ಅತ್ಯಾಚಾರ, ಕೊಲೆ ನಡೆದಾಗ ಸುಪ್ರೀಂ ಕೋರ್ಟು ಅರುಣಾ ಹೆಸರನ್ನು ಮತ್ತೆ ನೆನೆಯಬೇಕಾಯಿತು. ಐವತ್ತು ವರ್ಷ ಕಳೆದಿತ್ತು.

ಮುಟ್ಟಬಾರದ ಕಾಲ

ಕಲಬುರಗಿಯನ್ನು ಇಡೀ ದೇಶ ಏಕಾಏಕಿ ತಿರುಗಿ ನೋಡಿದ್ದು 2020ರ ಮಾರ್ಚಿನಲ್ಲಿ. ಸೌದಿಯಿಂದ ಮರಳಿದ್ದ ನಮ್ಮ ಊರಿನ 76 ವರ್ಷದ ಹಿರಿಯರೊಬ್ಬರು ಮಾರ್ಚ್ 10ರಂದು ತೀರಿಕೊಂಡರು. ಕಲಬುರಗಿಯಿಂದ ಹೈದರಾಬಾದಿಗೆ, ಅಲ್ಲಿಂದ ಮತ್ತೆ ಹಿಂದಕ್ಕೆ ಬರುವ ದಾರಿಯಲ್ಲಿ ಅವರ ಕೊನೆಯಾಯಿತು. ಎರಡು ದಿನದ ಬಳಿಕ ಅದು ಭಾರತದ ಮೊದಲ ಕೋವಿಡ್ ಸಾವು ಎಂದು ಖಚಿತವಾಯಿತು. ಅವರನ್ನು ಮನೆಗೆ ಹೋಗಿ ನೋಡಿದ್ದ ವೈದ್ಯರಿಗೂ ಸೋಂಕು ತಗುಲಿತು. ಹೈದರಾಬಾದಿಗೆ ಒಯ್ಯುವ ಆ ಹಳೆಯ ರೂಢಿ, ಅದರ ಹಿಂದಿನ ಹಳೆಯ ಅಸಹಾಯಕತೆ ಎರಡೂ ಮತ್ತೆ ಕಣ್ಣಿಗೆ ಬಿದ್ದವು.

ಕಾಕತಾಳೀಯವೆಂದರೆ ನೈಟಿಂಗೇಲರ ಇನ್ನೂರನೇ ಜನ್ಮವರ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ 2020ನ್ನು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಮೊದಲೇ ಘೋಷಿಸಿತ್ತು. ಆ ವರ್ಷದ ಅದರ ವರದಿಯ ಪ್ರಕಾರ ಜಗತ್ತಿನಲ್ಲಿದ್ದ ದಾದಿಯರು 2.79 ಕೋಟಿ, ಕೊರತೆ 59 ಲಕ್ಷ. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು.

ಕೋವಿಡ್ ಕಾಲದಲ್ಲಿ ಅಯಾದತ್ ನಿಂತುಹೋಯಿತು. ಮಗ ತಂದೆಯ ಬಳಿ ಹೋಗುವಂತಿಲ್ಲ, ಹೆಂಡತಿ ಗಂಡನ ಕೈ ಹಿಡಿಯುವಂತಿಲ್ಲ. ಆಗ ಮನೆಯವರು ಮಾಡುತ್ತಿದ್ದುದೆಲ್ಲ ದಾದಿಯರ ಮೇಲೆ ಬಿತ್ತು. ಉಸಿರುಗಟ್ಟಿಸುವ ಆ ಬಿಳಿಯ ಉಡುಪಿನೊಳಗೆ ಮುಖ ಕಾಣುತ್ತಿರಲಿಲ್ಲ. ಹಾಗಾಗಿ ಕೆಲವರು ಎದೆಯ ಮೇಲೆ ತಮ್ಮ ಹೆಸರನ್ನು ದೊಡ್ಡದಾಗಿ ಬರೆದುಕೊಂಡರು. ತಮ್ಮ ಮೊಬೈಲಿನಲ್ಲಿ ವೀಡಿಯೊ ಕರೆ ಮಾಡಿ ಮನೆಯವರ ಮುಖ ತೋರಿಸಿದರು. ಎಷ್ಟೋ ಜನರ ಕೊನೆಯ ಮಾತು ಕೇಳಿದ್ದು ಅವರು. ರೋಗಕ್ಕೆ ಧರ್ಮದ ಹೆಸರು ಹಚ್ಚಿ ಊರಿಗೆ ಊರೇ ಗುಸುಗುಸು ಮಾಡುತ್ತಿದ್ದ ತಿಂಗಳುಗಳಲ್ಲಿ, ವಾರ್ಡಿನೊಳಗೆ ಆಮ್ಲಜನಕದ ಮಟ್ಟ ನೋಡುವಾಗ ಯಾರ ಹೆಸರು ಏನು ಎಂದು ಅವರು ವಿಚಾರಿಸುತ್ತ ಕೂರಲಿಲ್ಲ.

ಹೊರಗೆ ಜನ ಚಪ್ಪಾಳೆ ತಟ್ಟಿದರು, ಗಂಟೆ ಬಾರಿಸಿದರು. ಅದೇ ಜನರಲ್ಲಿ ಕೆಲವರು ದಾದಿಯರಿಗೆ ಬಾಡಿಗೆ ಮನೆ ಖಾಲಿ ಮಾಡಿ ಎಂದರು. ಸೂಲಗಿತ್ತಿಯನ್ನು ಹಿತ್ತಲ ಬಾಗಿಲಿಂದ ಕಳಿಸಿದ ಮನಸ್ಸು ಸತ್ತಿರಲಿಲ್ಲ.

ಲೆಕ್ಕದ ಪುಸ್ತಕ

ಇಂದಿನ ಕಲಬುರಗಿ ನಿಜಾಮರ ಕಾಲದ ಊರಲ್ಲ. 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು, 2000ದಲ್ಲಿ ಖಾಜಾ ಬಂದಾನವಾಜ್ ವೈದ್ಯಕೀಯ ಕಾಲೇಜು, ಆಮೇಲೆ ಸರಕಾರಿ ಮತ್ತು ಇಎಸ್‌ಐ ಕಾಲೇಜುಗಳು ಬಂದವು. ನರ್ಸಿಂಗ್ ಶಾಲೆಗಳೂ ತಲೆಯೆತ್ತಿದವು. ಬುರ್ಖಾ ತೊಟ್ಟು ಬಸ್ಸಿಳಿದು ಒಳಗೆ ಬಿಳಿ ಕೋಟು ಹಾಕಿಕೊಳ್ಳುವ ಹುಡುಗಿಯರು ಈಗ ಅಪರೂಪವಲ್ಲ. ಸಂವಿಧಾನದ 371ಜೆ ವಿಧಿಯ ಮೀಸಲಾತಿ 2013ರಿಂದ ಜಾರಿಗೆ ಬಂದು ಈ ಭಾಗದ ಮಕ್ಕಳಿಗೆ ಶಿಕ್ಷಣ, ನೌಕರಿಯ ಬಾಗಿಲು ತೆರೆಯಿತು. ಇದರ ಒಂದು ಫಲವನ್ನು ನಾವು ಹೆಚ್ಚು ಚರ್ಚಿಸಿಲ್ಲ. ಇಲ್ಲಿನ ಹುಡುಗಿ ಇಲ್ಲೇ ನರ್ಸ್ ಆದರೆ ಕಮಲಾಪುರದ ಮುದುಕಿಯ ಪಿಸುಮಾತು ಆಕೆಗೆ ಅರ್ಥವಾಗುತ್ತದೆ, ಅದು ಕನ್ನಡವಾಗಿರಲಿ, ದಖನಿಯಾಗಿರಲಿ, ಲಂಬಾಣಿಯಾಗಿರಲಿ.

ಆದರೆ ಆಕೆಗೆ ಐದು ನಿಮಿಷ ಬೇಕು. ಬೋಧನಾ ಆಸ್ಪತ್ರೆಗಳಲ್ಲಿ ಮೂರು ಹಾಸಿಗೆಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಗಳಲ್ಲಿ ಐದಕ್ಕೆ ಒಬ್ಬರು ನರ್ಸ್ ಇರಬೇಕೆಂಬುದು ನರ್ಸಿಂಗ್ ಪರಿಷತ್ತಿನ ಮಾನದಂಡ. ರಾತ್ರಿ ಹೊತ್ತು ಯಾವುದೇ ದೊಡ್ಡ ವಾರ್ಡಿಗೆ ಹೋಗಿ ಎಣಿಸಿ ನೋಡಿದರೆ ಮಾನದಂಡಕ್ಕೂ ವಾಸ್ತವಕ್ಕೂ ಇರುವ ದೂರ ತಿಳಿಯುತ್ತದೆ. ಖಾಸಗಿ ಆಸ್ಪತ್ರೆಗಳ ದಾದಿಯರ ಸಂಬಳದ ಬಗ್ಗೆ ಸುಪ್ರೀಂ ಕೋರ್ಟಿನ ಸೂಚನೆಯಂತೆ 2016ರಲ್ಲಿ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದಿತು. ಹಳ್ಳಿಯ ಮಟ್ಟದಲ್ಲಿ ಐದು ಸಾವಿರ ಜನಸಂಖ್ಯೆಗೆ ಒಂದು ಉಪಕೇಂದ್ರ, ಅಲ್ಲಿ ಒಬ್ಬ ಆರೋಗ್ಯ ಸಹಾಯಕಿ ಇರಬೇಕೆಂಬುದು ನಿಯಮ. 2005ರಿಂದ ಆಕೆಯ ಜೊತೆಗೆ ಆಶಾ ಕಾರ್ಯಕರ್ತೆ ಬಂದಳು. ಸರಕಾರದ ಕಡತದಲ್ಲಿ ಆಶಾ ನೌಕರಳಲ್ಲ, ಸ್ವಯಂಸೇವಕಿ. 2025ರ ಜನವರಿಯ ಚಳಿಯಲ್ಲಿ ನಾಡಿನ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂತದ್ದು ತಿಂಗಳಿಗೆ ಒಂದು ನಿಶ್ಚಿತ ಗೌರವಧನಕ್ಕಾಗಿ.

ವಾಟ್ಸನ್ ಹೇಳಿದ ಹತ್ತು ಅಂಶಗಳು ನರ್ಸಿಂಗ್ ಕಾಲೇಜಿನ ಪರೀಕ್ಷೆಗೆ ಬರುತ್ತವೆ. ಹುಡುಗಿಯರು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ. ಅದನ್ನು ವಾರ್ಡಿನಲ್ಲಿ ಬಳಸುವುದು ಅವರೊಬ್ಬರ ಕೈಯಲ್ಲಿಲ್ಲ. ಪಾಳಿಗೆ ಎಷ್ಟು ಮಂದಿ ಎಂದು ತೀರ್ಮಾನಿಸುವ ಆಡಳಿತ, ಹುದ್ದೆ ತುಂಬದ ಸರಕಾರ, ಲಾಭದ ಲೆಕ್ಕ ಹಾಕುವ ಖಾಸಗಿ ಮಾಲೀಕ, ಸಿಸ್ಟರ್ ಎಂದು ಕರೆದು ಗದರಿಸುವ ನಾವು, ಎಲ್ಲರೂ ಆ ಪರೀಕ್ಷೆಯಲ್ಲಿ ಕೂತಿದ್ದೇವೆ. ದಾದಿಯನ್ನು ಮನುಷ್ಯಳೆಂದು ಕಾಣದ ಆಸ್ಪತ್ರೆಯಲ್ಲಿ ರೋಗಿಯನ್ನು ಮನುಷ್ಯನೆಂದು ಕಾಣಿರಿ ಎಂದು ದಾದಿಗೆ ಮಾತ್ರ ಉಪದೇಶ ಮಾಡುವುದು ಅನ್ಯಾಯ.

ನಮ್ಮ ಸಮಾಜದ ಮಟ್ಟಿಗೆ ಮಾಡಬಹುದಾದ ಕೆಲಸವೂ ಇದೆ. ಪಿಯುಸಿ ಮುಗಿಸಿದ ಮಗಳು ನರ್ಸಿಂಗ್ ಓದುತ್ತೇನೆ ಎಂದಾಗ ರುಫೈದಾರ ಗುಡಾರ ಎಲ್ಲಿತ್ತು ಎಂಬುದನ್ನು ಮನೆಯ ಹಿರಿಯರು ನೆನೆಯಲಿ. ಮುಂದಿನ ಸಲ ಯಾರದಾದರೂ ಅಯಾದತ್‌ಗೆ ಕೆಂಪು ಬಾಳೆಹಣ್ಣು ಹಿಡಿದು ವಾರ್ಡಿಗೆ ಹೋದಾಗ, ಮೇಜಿನ ಹಿಂದೆ ತಲೆ ಬಗ್ಗಿಸಿ ಬರೆಯುತ್ತಿರುವ ಹುಡುಗಿಯ ಹೆಸರೇನೆಂದು ಕೇಳಿ ತಿಳಿದುಕೊಳ್ಳೋಣ.